ಗೋವಾದ ಆಸುಪಾಸಿನಲ್ಲಿ ಬಾದಾಮಿ ಚಾಲುಕ್ಯರ ರಾಣಿಯೊಬ್ಬಳು ಆಳಿದ್ದು ನಿಜವೇ?

ನಿಜ. ಇಮ್ಮಡಿ ಪುಲಿಕೇಶಿಯ ಸೊಸೆ, ಚಂದ್ರಾದಿತ್ಯನ ಪತ್ನಿ ವಿಜಯಭಟ್ಟಾರಿಕೆಯ ತಾಮ್ರಶಾಸನಗಳು ದೊರೆತಿರುವುದು ಗೋವಾ ಕನ್ನಡಿಗರಾದ ನಮಗೆ ಗಡಿ ದಾಟಿದರೆ ಸಿಗುವ ಸಿಂಧುದುರ್ಗ ಜಿಲ್ಲೆಯ ನೇರೂರು ಮತ್ತು ಕೋಚ್ರೆಗಳಲ್ಲಿ. ಸುಮಾರು 642ರಲ್ಲಿ ಪಲ್ಲವರು ಬಾದಾಮಿಯನ್ನು ವಶಪಡಿಸಿಕೊಂಡಾಗ ಚದುರಿದ ರಾಜ್ಯವನ್ನು ಆಕೆಯ ಮೈದುನ ಒಂದನೆಯ ವಿಕ್ರಮಾದಿತ್ಯನು 655ರ ಹೊತ್ತಿಗೆ ಮರಳಿ ಕಟ್ಟಿದನು. ಆದರೂ 659ರ ನೇರೂರು ಶಾಸನವು ತನ್ನ ಕಾಲವನ್ನು ‘ಸ್ವರಾಜ್ಯ’ದ ಐದನೆಯ ವರ್ಷವೆಂದು, ಅಂದರೆ ರಾಣಿಯದೇ ಆಳ್ವಿಕೆಯ ವರ್ಷವೆಂದು ಎಣಿಸುತ್ತದೆ. ಬರೀ ದಾನ ಕೊಟ್ಟ ಅರಸಿಗೆ ಇಂಥ ಎಣಿಕೆ ಸಲ್ಲುವುದಿಲ್ಲ. ಪತಿಯ ಮರಣಾನಂತರ ಎಳೆಯ ಮಗನ ಪರವಾಗಿ ಆಳಿದಳೆಂಬುದು ಇತಿಹಾಸಕಾರರ ಊಹೆ. ಸಂಸ್ಕೃತ ಕವಯಿತ್ರಿ ವಿಜ್ಜಿಕೆಯೂ ಈಕೆಯೇ ಎನ್ನುವವರಿದ್ದಾರೆ, ಆದರೆ ಅದಕ್ಕೆ ಕೊಡುವ ಆಧಾರ ಸಾಲದೆಂದೇ ನನ್ನ ಅನಿಸಿಕೆ.