ಸೈಕಲ್ ಪ್ರಶ್ನೋತ್ತರ: ಬಿಗಿದರೂ ನಿಲ್ಲದ ಬಿ.ಬಿ.

ಪ್ರಶ್ನೆ: ಸರ್, ನನ್ನದು ಗೇರ್ ಸೈಕಲ್. ದಿನಾ ಕೆಲಸಕ್ಕೆ ಅದರಲ್ಲೇ ಹೋಗ್ತೀನಿ. ಹಳೇ ಬಾಟಮ್ ಬ್ರಾಕೆಟ್ (ಬಿ.ಬಿ., ಅಂದರೆ ಪೆಡಲಿನ ತೋಳುಗಳಾದ ಕ್ರ್ಯಾಂಕುಗಳನ್ನು ಹಿಡಿದಿರುವ ಆಕ್ಸಲ್ ತಿರುಗುವ ಬೇರಿಂಗ್ ಭಾಗ) ಹೋಗಿತ್ತು ಅಂತ, ಬೇರಿಂಗ್ ಒಳಗೇ ಮುಚ್ಚಿರುವ ಹೊಸ ಸೀಲ್ಡ್ ಬಿ.ಬಿ. ಹಾಕಿಸಿದೆ. ಈಗ ಚೈನಿನ ಕಡೆ (ಬಲಗಡೆ) ಕಪ್ಪು, ಅಂದರೆ ಬಿ.ಬಿ.ಯನ್ನು ಫ್ರೇಮಿಗೆ ಹಿಡಿಸುವ ಥ್ರೆಡ್ ಇರುವ ಬಟ್ಟಲು, ಪದೇ ಪದೇ ಸಡಿಲ ಆಗುತ್ತೆ. ಬಿಗಿಸಿಕೊಂಡು ಬಂದರೆ ಸ್ವಲ್ಪ ದಿನ ಸರಿ, ಆಮೇಲೆ ಮತ್ತೆ ಅದೇ ಕತೆ. "ಗ್ರೀಸ್ ಹಾಕಿದ್ದಕ್ಕೇ ಬಿಚ್ಕೊಳ್ತಿದೆ" ಅಂತ ಅಂಗಡಿಯವರು ಈ ಸಲ ಗ್ರೀಸಿಲ್ಲದೆ ಕೂರಿಸಿದ್ದಾರೆ. ಇದು ಸರೀನಾ?
– ಓದುಗರು, ಶಿವಮೊಗ್ಗ

ಉತ್ತರ: ಸರಿ ಇಲ್ಲ. ಗ್ರೀಸ್ ಇಲ್ಲದಿದ್ದರೇ ಸಡಿಲ ಆಗೋದು ಜಾಸ್ತಿ. ಒಣ ಥ್ರೆಡ್ಡಿನಲ್ಲಿ ನೀವು ಹಾಕುವ ಬಲ ಬಹುಪಾಲು ತಿಕ್ಕಾಟಕ್ಕೇ ಹೋಗಿಬಿಡುತ್ತದೆ. ಸ್ಪ್ಯಾನರ್ ಮುಂದಕ್ಕೆ ಹೋಗುವುದಿಲ್ಲ, ಕೈಗೆ 'ಬಿಗಿಯಾಯ್ತು' ಅನಿಸುತ್ತದೆ, ಆದರೆ ಕಪ್ಪಿನ ಅಂಚು ಫ್ರೇಮಿನ ಮೇಲೆ ಒತ್ತಿ ಕೂತಿರುವುದೇ ಇಲ್ಲ. ನಿಮ್ಮ ಊರಿನ ಮಳೆಗೆ ಒಳಗೆಲ್ಲ ತುಕ್ಕು ಹಿಡಿದು ಮುಂದಿನ ಸಲ ಅದು ಬಿಚ್ಚುವುದಕ್ಕೂ ಬರಲ್ಲ, ಅದು ಬೇರೆ.

ಮೊದಲು ಒಂದು ವಿಷಯ ಗೊತ್ತಿರಲಿ. ನಿಮ್ಮಂಥ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಗ್ಲಿಷ್ ಥ್ರೆಡ್, ಬಿ.ಎಸ್.ಎ. ಅಂತಲೂ ಕರೆಯುತ್ತಾರೆ. ಅಳತೆ 1.37 ಇಂಚು, ಇಂಚಿಗೆ 24 ಥ್ರೆಡ್. ಬಿ.ಬಿ. ಕೂರುವ ಕೊಳವೆಯ ಅಗಲ 68 ಅಥವಾ 73 ಮಿ.ಮೀ. ಇದರಲ್ಲಿ ಎಡಗಡೆಯದು ಮಾಮೂಲಿ ಥ್ರೆಡ್, ಚೈನಿನ ಕಡೆಯದು ಉಲ್ಟಾ. ಅಂದರೆ ಬಲಗಡೆ ಕಪ್ಪನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೇ ಬಿಗಿಯುವುದು. ಅವಸರದಲ್ಲಿ ಇದನ್ನು ಮರೆತು ಬಿಚ್ಚುವ ದಿಕ್ಕಿಗೆ ಜೋರು ಮಾಡುವವರೂ ಇದ್ದಾರೆ.

ಯಾಕೆ ಉಲ್ಟಾ? ಒಂದು ಬಳೆಯೊಳಗೆ ಅದಕ್ಕಿಂತ ಸ್ವಲ್ಪ ಚಿಕ್ಕದಾದ ಡಬ್ಬಿ ಮುಚ್ಚಳ ಇಟ್ಟು, ಬಳೆಯ ಒಳ ಅಂಚಿಗೆ ಒತ್ತಿಕೊಂಡೇ ಅದು ಸುತ್ತ ಉರುಳುವಂತೆ ಮಾಡಿ ನೋಡಿ. ಮುಚ್ಚಳ ಸುತ್ತುವುದು ಒಂದು ದಿಕ್ಕಿಗೆ, ತನ್ನಷ್ಟಕ್ಕೆ ತಿರುಗುವುದು ಅದರ ವಿರುದ್ಧ ದಿಕ್ಕಿಗೆ. ಥ್ರೆಡ್ಡಿನಲ್ಲಿ ಕೂದಲೆಳೆಯಷ್ಟು ಜಾಗ ಇದ್ದರೂ ಸಾಕು, ಪೆಡಲ್ ತುಳಿತದ ಭಾರ ಸುತ್ತ ಓಡಾಡುತ್ತಾ ಕಪ್ಪಿಗೂ ಹಾಗೇ ಆಗುತ್ತದೆ: ಕ್ರ್ಯಾಂಕ್ ಮುಂದಕ್ಕೆ ತಿರುಗಿದರೆ ಕಪ್ಪು ನಿಧಾನಕ್ಕೆ ಹಿಂದಕ್ಕೆ ಜರುಗುತ್ತದೆ. ಉಲ್ಟಾ ಥ್ರೆಡ್ ಇದ್ದರೆ ಆ ಜರುಗಾಟ ಬಿಗಿಯುವ ಕಡೆಗೇ ಹೋಗುತ್ತದೆ. ಅಷ್ಟಿದ್ದೂ ನಿಮ್ಮದು ಸಡಿಲ ಆಗುತ್ತಿದೆ ಅಂದರೆ ಒಂದೋ ಅದು ಯಾವತ್ತೂ ಸರಿಯಾಗಿ ಬಿಗಿದಿಲ್ಲ, ಇಲ್ಲವೇ ಕಪ್ಪಿನ ಅಂಚು ಸಮವಾಗಿ ಕೂತಿಲ್ಲ.

ಹಾಗಾಗಿ ಪೂರ್ತಿ ಬಿಚ್ಚಿಸಿ. ಹಳೇ ಟೂತ್ ಬ್ರಷ್ಷು, ಸೀಮೆಎಣ್ಣೆ ಸಿಕ್ಕರೆ ಸೀಮೆಎಣ್ಣೆ, ಇಲ್ಲದಿದ್ದರೆ ಡೀಸೆಲ್ ಹಾಕಿ ಫ್ರೇಮಿನ ಥ್ರೆಡ್ಡನ್ನು ಚೆನ್ನಾಗಿ ಉಜ್ಜಿ ಒರೆಸಿ. ಕಪ್ಪಿನ ಅಂಚು ಒತ್ತುವ ಜಾಗ ಇದೆಯಲ್ಲ, ಕೊಳವೆಯ ಬಾಯಿ, ಅದನ್ನು ಬೆರಳಿನಿಂದ ಸವರಿ ನೋಡಿ. ಅಲ್ಲಿ ದಪ್ಪಗೆ ಪೇಂಟ್ ಕೂತಿದ್ದರೆ ಅದೇ ಕಳ್ಳ! ಬಿಗಿದ ದಿನ ಗಟ್ಟಿ ಇರುತ್ತದೆ, ನಾಲ್ಕು ದಿನಕ್ಕೆ ಪೇಂಟ್ ಪುಡಿಯಾಗಿ ಉದುರಿ ಬಿಗಿ ಹೋಗುತ್ತದೆ. ಪೇಂಟನ್ನು ಕೆರೆದು ತೆಗೆಯಿರಿ. ಬಾಯಿಯೇ ಓರೆಯಾಗಿದ್ದರೆ ಮಾತ್ರ ಫೇಸಿಂಗ್ ಮಾಡುವ (ಬಾಯಿಯನ್ನು ಸಮ ಮಾಡುವ) ಕಟ್ಟರ್ ಇರುವ ಅಂಗಡಿ ಹುಡುಕಬೇಕು, ಅರದಿಂದ ಮನೆಯಲ್ಲಿ ಉಜ್ಜಲು ಹೋಗಬೇಡಿ.

ಆಮೇಲೆ ಥ್ರೆಡ್ಡಿಗೆ ಧಾರಾಳವಾಗಿ ಗ್ರೀಸ್. ಬಲಗಡೆ ಕಪ್ಪು ಇರುವ ಬಿ.ಬಿ.ಯ ಮುಖ್ಯ ಭಾಗವನ್ನು (ಬಾಡಿ) ಕೈಯಲ್ಲೇ ಶುರು ಮಾಡಿ. ಮೊದಲು ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ, 'ಟಕ್' ಅಂತ ಥ್ರೆಡ್ ಕೂತಿದ್ದು ಗೊತ್ತಾದ ಮೇಲೆ ಬಿಗಿಯುವ ಕಡೆಗೆ. ಮೂರ್ನಾಲ್ಕು ಸುತ್ತು ಕೈಯಲ್ಲೇ ಹೋಗಬೇಕು, ಹೋಗಲಿಲ್ಲ ಅಂದರೆ ಓರೆ ಹಿಡಿದಿದೆ, ಸ್ಪ್ಯಾನರ್ ಮುಟ್ಟಲೇಬೇಡಿ. ಎಡಗಡೆ ಕಪ್ಪನ್ನೂ ಒಂದೆರಡು ಸುತ್ತು ಹತ್ತಿಸಿ, ಬಾಡಿ ನೆಟ್ಟಗೆ ಕೂರಲಿ ಅಂತ. ಈಗ ಬಲಗಡೆಯ ಅಂಚು ಫ್ರೇಮಿಗೆ ಪೂರ್ತಿ ತಾಗುವವರೆಗೆ ಬಿಗಿದು, ಎಡಗಡೆಯದನ್ನು ಕೊನೆಗೆ ಬಿಗಿಯಿರಿ. ಇದು ಹಿಂದು ಮುಂದಾದರೆ ಚೈನಿನ ಕಡೆ ಅಂಚು ತಾಗುವುದೇ ಇಲ್ಲ. ಎಡಗಡೆ ಸ್ವಲ್ಪ ಸಂದಿ ಉಳಿದರೆ ತಲೆ ಕೆಡಿಸಿಕೊಳ್ಳಬೇಡಿ.

ಎಷ್ಟು ಬಿಗಿಯಬೇಕು? ಶಿಮಾನೊ ಚದರ ಆಕ್ಸಲ್ಲಿನ ಸೀಲ್ಡ್ ಬಿ.ಬಿ.ಗೆ 50ರಿಂದ 70 ನ್ಯೂಟನ್ ಮೀಟರ್ (ತಿರುಗಿಸಿ ಬಿಗಿಯುವ ಬಲ, ಅಂದರೆ ಟಾರ್ಕಿನ ಅಳತೆ) ಅನ್ನುತ್ತದೆ. ಇದು ನಾವು ಅಂದುಕೊಳ್ಳುವುದಕ್ಕಿಂತ ಬಹಳ ಜಾಸ್ತಿ. ಟಾರ್ಕ್ ರೆಂಚ್ ಇಲ್ಲದಿದ್ದರೆ ಲಗೇಜು ತೂಗುವ ಕೊಕ್ಕೆ ತಕ್ಕಡಿ ಸಾಕು. ಕಪ್ಪಿನ ಹಲ್ಲಿಗೆ ಕೂರುವ ಬಿ.ಬಿ. ಟೂಲಿನ ನಡುವಿನಿಂದ 30 ಸೆಂ.ಮೀ. ದೂರದಲ್ಲಿ ಸ್ಪ್ಯಾನರ್ ಹಿಡಿಗೆ ಕೊಕ್ಕೆ ಸಿಕ್ಕಿಸಿ, ಹಿಡಿಗೆ ನೇರ ಅಡ್ಡವಾಗಿ ಎಳೆಯಿರಿ. ತಕ್ಕಡಿ 17 ಕೆ.ಜಿ. ತೋರಿಸಿದರೆ 50 ಆಯಿತು, 20 ಕೆ.ಜಿ.ಗೆ ಸುಮಾರು 60. ಟೂಲು ಜಾರಿ ಹಲ್ಲು ಹಾಳಾಗುತ್ತದೆ ಅನ್ನುವವರು ಕ್ರ್ಯಾಂಕ್ ಬೋಲ್ಟಿಗೆ ಒಂದು ದೊಡ್ಡ ವಾಷರ್ ಹಾಕಿ ಟೂಲನ್ನು ಆಕ್ಸಲ್ಲಿಗೇ ಹಿಡಿಸಿಬಿಡಿ, ಆಮೇಲೆ ಜಾರುವ ಮಾತೇ ಇಲ್ಲ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಬಿಗಿಯುವವರ ಕೈಗೆ ಮಾತ್ರ ಸೈಕಲ್ ಕೊಡಬೇಡಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಇಟಾಲಿಯನ್ ಸ್ಟೀಲ್ ಫ್ರೇಮ್ ತಗೊಂಡಿದ್ದೀನಿ. ನೀವು ಹೇಳುವ ಹಾಗೆ ಗ್ರೀಸ್ ಹಾಕಿ ಜೋರಾಗಿಯೇ ಬಿಗಿದೆ. ಆದರೂ ಬಲಗಡೆ ಕಪ್ಪು ನಿಲ್ಲಲ್ಲ.
– ಓದುಗರು, ಬೆಂಗಳೂರು

ಉತ್ತರ: ನಿಮ್ಮ ಕತೆ ಬೇರೆ. ಕೊಲ್ನಾಗೊ, ಪಿನಾರೆಲ್ಲೊ ತರಹದ ಹಳೇ ಸ್ಟೀಲ್ ಫ್ರೇಮುಗಳಲ್ಲಿ ಇಟಾಲಿಯನ್ ಥ್ರೆಡ್ ಇರುತ್ತದೆ: 36 ಮಿ.ಮೀ., ಕೊಳವೆಯ ಅಗಲ 70, ಎರಡೂ ಕಡೆ ಮಾಮೂಲಿ ಥ್ರೆಡ್. ಮೇಲೆ ಹೇಳಿದ ಜರುಗಾಟ ಇಲ್ಲಿ ಬಲಗಡೆ ಕಪ್ಪನ್ನು ಬಿಚ್ಚುವ ಕಡೆಗೇ ತಳ್ಳುತ್ತದೆ. ಇಟಲಿಯವರು ಅಷ್ಟು ಚಂದದ ಫ್ರೇಮ್ ಮಾಡಿ ಈ ಒಂದು ವಿಷಯದಲ್ಲಿ ಯಾಕೆ ಹಟ ಹಿಡಿದರೋ! ಬಲಗಡೆಗೆ ಗ್ರೀಸ್ ಬೇಡ. ಥ್ರೆಡ್ಡಿನ ಎಣ್ಣೆಯನ್ನೆಲ್ಲ ತೆಗೆದು ನೀಲಿ ಥ್ರೆಡ್ ಲಾಕರ್ (ಥ್ರೆಡ್ ಸಡಿಲ ಆಗದಂತೆ ಹಿಡಿಯುವ ಅಂಟು) ಹಚ್ಚಿ, ಪೂರ್ತಿ ಟಾರ್ಕಿಗೆ ಬಿಗಿದು, ಒಂದು ದಿನ ಒಣಗಲು ಬಿಡಿ. ಕೆಂಪು ಲಾಕರ್ ಬೇಡ, ಆಮೇಲೆ ಬಿಚ್ಚಲು ಕಷ್ಟ. ಲಾಕರ್ ಸಿಗಲಿಲ್ಲ ಅಂದರೆ ನಲ್ಲಿ ಕೆಲಸದವರು ಸುತ್ತುವ ಟೆಫ್ಲಾನ್ ಟೇಪೂ ನಡೆಯುತ್ತದೆ, ಕಪ್ಪು ಒಳಗೆ ಹೋಗುವ ತುದಿಯಿಂದ ನೋಡಿದರೆ ಗಡಿಯಾರದ ದಿಕ್ಕಿಗೇ ಸುತ್ತಿ, ಇಲ್ಲದಿದ್ದರೆ ತಿರುಗಿಸುವಾಗ ಸುಮ್ನೆ ಬಿಚ್ಚಿಕೊಂಡು ಗಂಟಾಗುತ್ತದೆ.

ಪ್ರಶ್ನೆ: ತಾತನ ಕಾಲದ ಕಪ್ಪು ಬಣ್ಣದ ಸೈಕಲ್. ಪೆಡಲ್ ತುಳಿದರೆ ಆಕ್ಸಲ್ಲೇ ಅಲ್ಲಾಡುತ್ತೆ. ಸರಿ ಮಾಡಬಹುದಾ?
– ಓದುಗರು, ಗದಗ

ಉತ್ತರ: ಖಂಡಿತ. ಅದು ಬಿಡಿ ಬಾಲ್ಸಿನ ಬಿ.ಬಿ. ಬಲಗಡೆ ಕಪ್ಪು ಖಾಯಂ, ಎಡಗಡೆಯದು ಹೊಂದಿಸುವಂಥದ್ದು, ಅದರ ಮೇಲೆ ಕಪ್ಪು ಕದಲದಂತೆ ಹಿಡಿಯುವ ಲಾಕ್ ರಿಂಗ್. ಬಾಲ್ಸ್ ಸಾಮಾನ್ಯವಾಗಿ ಕಾಲು ಇಂಚಿನವು, ಒಂದು ಕಡೆಗೆ 11. ಎಲ್ಲ ತೊಳೆದು, ಗ್ರೀಸಿನಲ್ಲಿ ಬಾಲ್ಸ್ ಅಂಟಿಸಿ, ಬಲಗಡೆಯದನ್ನು ಮೈಬಲವೆಲ್ಲ ಹಾಕಿ ಬಿಗಿಯಿರಿ. ಎಡಗಡೆಯದನ್ನು ಅಲ್ಲಾಟ ನಿಂತು ಆಕ್ಸಲ್ ಹಗುರಾಗಿ ತಿರುಗುವಷ್ಟು ಮಾತ್ರ. ಲಾಕ್ ರಿಂಗ್ ಬಿಗಿಯುವಾಗ ಅದು ಕಪ್ಪನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ, ಅದಕ್ಕೇ ಕಪ್ಪನ್ನು ಇನ್ನೊಂದು ಕೈಯಲ್ಲಿ ಸ್ಪ್ಯಾನರಿನಿಂದ ಹಿಡಿದುಕೊಂಡಿರಬೇಕು. ಆಕ್ಸಲ್ ಮೇಲೆ ಬಾಲ್ಸ್ ಓಡುವ ಜಾಗದಲ್ಲಿ ಗುಳಿ ಬಿದ್ದಿದ್ದರೆ ಎಷ್ಟು ಹೊಂದಿಸಿದರೂ ಪ್ರಯೋಜನ ಇಲ್ಲ, ಆಕ್ಸಲ್ ಬದಲಿಸಿ. ಕಾಟರ್ ಪಿನ್ (ಕ್ರ್ಯಾಂಕನ್ನು ಆಕ್ಸಲ್ಲಿಗೆ ಹಿಡಿಸುವ ಪಿನ್) ಹೊಡೆಯುವಾಗ ಕ್ರ್ಯಾಂಕಿನ ಕೆಳಗೆ ಗಟ್ಟಿ ಆಧಾರ ಕೊಡಿ, ಏಟು ಬಾಲ್ಸಿನ ಮೇಲೆ ಬೀಳಬಾರದು.

ಪ್ರಶ್ನೆ: ತುಳಿದಾಗಲೆಲ್ಲ ಕಟ್ ಕಟ್ ಸದ್ದು. ಬಿ.ಬಿ. ಬದಲಿಸಲಾ?
– ಓದುಗರು, ಮೈಸೂರು

ಉತ್ತರ: ಈಗಲೇ ಬೇಡ. ಒಂದು ಕ್ರ್ಯಾಂಕ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಅದೊಂದೇ ಅಲ್ಲಾಡಿದರೆ ಕ್ರ್ಯಾಂಕ್ ಬೋಲ್ಟ್ ಸಡಿಲ, ಆ ಕಡೆಯದೂ ಜೊತೆಗೆ ಅಲ್ಲಾಡಿದರೆ ಮಾತ್ರ ಬಿ.ಬಿ. ಯಾವುದೂ ಅಲ್ಲಾಡದಿದ್ದರೆ ಪೆಡಲ್ ಬಿಚ್ಚಿ ಥ್ರೆಡ್ಡಿಗೆ ಗ್ರೀಸ್ ಹಾಕಿ, ಚೈನ್ ರಿಂಗಿನ ಬೋಲ್ಟ್ ನೋಡಿ, ಸೀಟಿನ ಮೇಲೆ ಕೂರದೆ ನಿಂತು ತುಳಿದು ನೋಡಿ. ಆಗ ಸದ್ದು ನಿಂತರೆ ಕಳ್ಳ ಸೀಟ್ ಪೋಸ್ಟಿನಲ್ಲಿದ್ದಾನೆ.