ಸಿನಿಮಾ ಕಲಿಯಲು ಕಾಲೇಜು ಬೇಕೆ?

ಪಿಯುಸಿ ಮುಗಿಸಿದ ಮಗಳು ಸಿನಿಮಾ ಓದುತ್ತೇನೆ ಎನ್ನುತ್ತಾಳೆ, ಕ್ಯಾಮೆರಾ ಹಿಡಿಯಲು ಕಾಲೇಜು ಬೇಕೆ ಎಂದು ಮೈಸೂರಿನಿಂದ ಕೇಳಿದ್ದೀರಿ. ಕ್ಯಾಮೆರಾದ ಗುಂಡಿಗಳನ್ನು ತಿಳಿಯಲು ಬೇಡ, ಅದಕ್ಕೆ ಕೆಲವು ವಾರ ಸಾಕು. ಒಂದು ದೃಶ್ಯವನ್ನು ಎಲ್ಲಿಂದ ನೋಡಬೇಕು, ಎಷ್ಟು ಹೊತ್ತು ನೋಡಬೇಕು, ಏನನ್ನು ಚೌಕಟ್ಟಿನಾಚೆ ಬಿಡಬೇಕು ಎಂಬ ವಿವೇಚನೆಯೇ ಕಾಲೇಜಿನಲ್ಲಿ ಕಲಿಯಬೇಕಾದದ್ದು. ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವಾಕೆಯನ್ನು ಚಿತ್ರೀಕರಿಸಿದಿರೆನ್ನಿ: ನಾರು ಸುತ್ತುವ ಬೆರಳುಗಳ ನಂತರ ಆಕೆಯ ಮುಖ ಬಂದರೆ ಅದು ದಣಿವಿನ ಕಥೆಯಾಗಬಹುದು, ಮೊಳ ಹಾಕುವ ಕೈಯ ನಂತರ ಗಿರಾಕಿಯ ಮುಖ ಬಂದರೆ ಚೌಕಾಸಿಯ ಕಥೆ. ಚಿತ್ರೀಕರಿಸಿದ ತುಣುಕುಗಳನ್ನು ಜೋಡಿಸುವ ಸಂಕಲನದ ಮೊದಲ ಪಾಠ ಇದೇ.

ಮೈಸೂರಿನಲ್ಲೇ ಹುಟ್ಟಿದ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಓದಿದವರು. 1959ರ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ನಲ್ಲಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೊದೊಳಕ್ಕೆ ತಿರುಗಿಸಿ ಆ ಪ್ರಸಿದ್ಧ ಬೆಳಕಿನ ಕೋಲನ್ನು ಮೂಡಿಸಿದರು. (ಕನ್ನಡಿ ಯಾರ ಮನೆಯಲ್ಲಿಲ್ಲ, ಹೇಳಿ! ಅದನ್ನು ಎಲ್ಲಿ ಹಿಡಿಯಬೇಕು ಎಂಬುದೇ ಕಲಿಯಬೇಕಾದದ್ದು.)

1960ರಲ್ಲಿ ಆರಂಭವಾದ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ನಿರ್ದೇಶನ ಕಲಿಯಲು ಪದವಿ ಬೇಕಾಗುವುದರಿಂದ, ಮೊದಲು ಇಲ್ಲಿಯೇ ಸಾಹಿತ್ಯವನ್ನೋ, ಮೈಸೂರಿನ ದೃಶ್ಯಕಲಾ ಕಾಲೇಜಾದ ಕಾವಾದಲ್ಲಿ ಚಿತ್ರಕಲೆಯನ್ನೋ ಓದುವುದು ನನ್ನ ಮಟ್ಟಿಗೆ ಒಳ್ಳೆಯ ದಾರಿ. ಕ್ಯಾಮೆರಾ ಅಥವಾ ಧ್ವನಿಯ ಕೆಲಸವೇ ಬೇಕೆಂದಾದರೆ ಬೆಂಗಳೂರಿನ ಬಳಿಯ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆಯ ಡಿಪ್ಲೊಮಾವನ್ನು ವಿಚಾರಿಸಿ.