ಆ ‘ಆದರೆ’ಗೆ ಮುಂಚೆ

ನಮಸ್ಕಾರ,

ದೇವರ ಬಿಡದ ಪ್ರೀತಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಳವಾಗಿದೆ, ಕಾಗುಣಿತ ಶುದ್ಧವಾಗಿದೆ. ಈಗಿರುವಂತೆ ಪ್ರಕಟಿಸಲಾರೆ. ಹಾಗೆಂದು ಪಕ್ಕಕ್ಕಿಡಲೂ ಆಗುತ್ತಿಲ್ಲ. ಎರಡನೆಯ ಪುಟದ ಒಂದು ವಾಕ್ಯ ಮೂರು ದಿನದಿಂದ ಕಾಡುತ್ತಿದೆ.

“ಅಪ್ಪನ ಶವ ಇನ್ನೂ ಮನೆಯಲ್ಲಿರುವಾಗಲೇ ನನಗೆ ಸಾಲ ಕೊಟ್ಟವರು ಬಾಗಿಲಿಗೆ ಬಂದರು.”

ಓದಿ ಎದೆ ಧಸಕ್ಕೆಂದಿತು. ಮುಂದಿನ ಸಾಲು: “ತುಂಬಾ ಅವಮಾನವಾಯಿತು.” ಅದರ ಮುಂದಿನದು: “ಆದರೆ ದೇವರ ಪ್ರೀತಿಯನ್ನು ನೆನೆದು ಸಮಾಧಾನ ತಂದುಕೊಂಡೆ.”

ಬಂದವರು ಏನೆಂದರು? ನೀವು ಎದ್ದು ಹೊರಗೆ ಹೋದಿರೋ, ಶವದ ಪಕ್ಕದಲ್ಲೇ ಕುಳಿತಿರೋ? ಅಮ್ಮನಿಗೆ ಸಾಲದ ವಿಷಯ ಗೊತ್ತಾದದ್ದೇ ಆಗಲೋ? ‘ಅವಮಾನ’ ಎಂದು ಬರೆದ ಮಾತ್ರಕ್ಕೆ ಓದುವವರಿಗೆ ಅದು ತಟ್ಟುವುದಿಲ್ಲ. ನೀವು ಯಾರ ಕಣ್ಣು ತಪ್ಪಿಸಿದಿರಿ ಎಂದು ಹೇಳಿ, ಸಾಕು.

ಇನ್ನು ಆ ‘ಆದರೆ’. ಬೈಬಲಿನ 13ನೆಯ ಕೀರ್ತನೆಯಲ್ಲಿರುವುದೇ ಆರು ವಚನ. ಕೃಪೆಯಲ್ಲಿ ಭರವಸೆಯಿಟ್ಟ ಮಾತು ಬರುವುದು ಐದನೆಯದರಲ್ಲಿ, ಅದೂ ‘ಎಷ್ಟರವರೆಗೆ’ ಎಂದು ದೇವರನ್ನೇ ನಾಲ್ಕು ಸಲ ಕೇಳಿದ ಮೇಲೆ. ಕರುಣೆ ದಿನದಿನವೂ ಹೊಸದಾಗುತ್ತದೆಂದು ನೀವು ಬೈಬಲಿನದೇ ‘ಪ್ರಲಾಪಗಳು’ ಎಂಬ ಶೋಕಗೀತೆಗಳ ಪುಸ್ತಕದಿಂದ ಎತ್ತಿಕೊಂಡ ಮಾತಿದೆಯಲ್ಲ, ಅದು ಮೂರನೆಯ ಅಧ್ಯಾಯದ 22-23ನೆಯ ವಚನಗಳದು. ಅದಕ್ಕೂ ಮೊದಲು, ಊರು ಹಾಳಾಗಿ ಕಂಡವರ ನಗೆಪಾಟಲಿಗೆ ಗುರಿಯಾದವರ ಅಳು 65 ವಚನಗಳುದ್ದಕ್ಕೂ ಇದೆ. ನೀವು ಆ 65ನ್ನೂ ಹಾರಿದ್ದೀರಿ. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆಯೆಂದೇ ಕಾಪಾಡಿಕೊಂಡು ಬಂದಿದ್ದಾರೆ.

ಬರೆಯಲು ಕಲಿಯುತ್ತಿದ್ದ ಕಾಲದಲ್ಲಿ ನಾನೂ ತಮ್ಮನ ಸಾವಿನ ಬಗ್ಗೆ ಒಂದು ಬರಹ ಹಿಡಿದುಕೊಂಡು ಹಿರಿಯ ಸಂಪಾದಕರೊಬ್ಬರ ಬಳಿ ಹೋಗಿದ್ದೆ. ಅವನ ಕೊನೆಯ ಫೋನ್ ಕರೆಯನ್ನು ಸಿಟ್ಟಿನಿಂದ ಎತ್ತಿರಲಿಲ್ಲ. ಅದನ್ನು ಬರಹದಲ್ಲಿ ಮುಚ್ಚಿಟ್ಟಿದ್ದೆ. ಅವರು ನನ್ನ ‘ಆದರೆ’ಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, “ಇಲ್ಲಿಗೆ ಬರಲು ಎಷ್ಟು ದಿನ ಹಿಡಿಯಿತು?” ಎಂದು ಕೇಳಿದರು.

“ಹದಿನಾಲ್ಕು ತಿಂಗಳು.”

“ಆ ಹದಿನಾಲ್ಕು ತಿಂಗಳು ಎಲ್ಲಿ?”

ಅವರೆದುರೇ ಅತ್ತುಬಿಟ್ಟೆ. ಅಷ್ಟು ದಿನವೂ ಪ್ರಾರ್ಥಿಸಲು ನನಗೆ ಮುಖವಿರಲಿಲ್ಲ. ಮನೆಗೆ ಬಂದು ಆ ಕರೆಯ ಬಗ್ಗೆ ಬರೆದೆ. ಮುಖವೆತ್ತಲಾಗದೆ ಕುಳಿತಿದ್ದವನನ್ನೇ ದೇವರು ಆಗಲೂ ಪ್ರೀತಿಸುತ್ತಿದ್ದ ಎಂಬುದು ಬರೆಯುತ್ತ ಬರೆಯುತ್ತ ತಿಳಿಯಿತು. ಅದಕ್ಕೆ ಮೊದಲು ಅದು ನನಗೆ ಬಾಯಿಪಾಠ ಮಾತ್ರ.

ನಿಮ್ಮ ಮೂರನೆಯ ಪುಟದಿಂದ ‘ನಾನು’ ಕಾಣೆಯಾಗಿ ‘ನಾವು’ ಬರುತ್ತದೆ: “ಕಷ್ಟ ಬಂದಾಗ ನಾವು ದೇವರನ್ನು ನಂಬಬೇಕು.” ಅಲ್ಲಿ ನೀವು ಅವಿತುಕೊಂಡಿದ್ದೀರಿ. ಆ ಪುಟಗಳನ್ನು ತೆಗೆದುಬಿಡಿ.

ಬಾಗಿಲಲ್ಲಿ ನಿಂತವರಿಂದ ಮತ್ತೆ ಶುರುಮಾಡಿ. ಸಮಾಧಾನ ಇನ್ನೂ ಬಂದಿಲ್ಲವಾದರೆ ಬಂದಿಲ್ಲವೆಂದೇ ಬರೆದು ಕಳಿಸಿ. ಕಾಯುತ್ತಿರುತ್ತೇನೆ.